ದೇವರು ನನ್ನನ್ನು ಯಾವ ಕೆಲಸಕ್ಕೆ ಇಟ್ಟಿದ್ದಾರೆ? ಯಾವ ವಯಸ್ಸಿನಲ್ಲಾದರೂ ಕಂಡುಕೊಳ್ಳುವ ಬಗೆ

ಭಾನುವಾರ ಆರಾಧನೆ ಮುಗಿದು ಜನ ಚಪ್ಪಲಿ ಹುಡುಕುವ ಹೊತ್ತಿಗೆ ಯಾರಾದರೂ ಒಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ. ಪಿಯುಸಿ ಫೇಲಾದ ಹುಡುಗ, 'ಕಾಕಾ, ದೇವರು ನನ್ನ ಕೈಲಿ ಏನು ಮಾಡಿಸಬೇಕು ಅಂತಿದ್ದಾರೆ?' ಅನ್ನುತ್ತಾನೆ. ಮಕ್ಕಳು ಹೈದರಾಬಾದು, ಪುಣೆ ಅಂತ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಉಳಿದ ತಾಯಿ ಇದನ್ನೇ ಕೇಳುತ್ತಾರೆ. ಹೋದ ತಿಂಗಳು ರಿಟೈರ್ ಆದವರೂ ಕೇಳುತ್ತಾರೆ, ಸ್ವಲ್ಪ ಸಂಕೋಚದಿಂದ, 'ಈ ವಯಸ್ಸಿನಲ್ಲಿ ಇನ್ನೇನಿದೆ ಅಲ್ವಾ' ಅಂತ ತಾವೇ ಉತ್ತರ ಸೇರಿಸಿ. ಪ್ರತಿ ಸಲ ಚರ್ಚಿನ ಮೆಟ್ಟಿಲ ಮೇಲೆ ನಿಂತು ಅರ್ಧ ಉತ್ತರ ಕೊಟ್ಟು ಬಂದಿದ್ದೇನೆ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೀದರಿನವನು. ಕ್ರೈಸ್ತ ವಿಶ್ವಾಸದಲ್ಲಿ ಬೆಳೆದವನು. ಆದ್ದರಿಂದ ಉದಾಹರಣೆಗಳೆಲ್ಲ ಸತ್ಯವೇದದವು. ನಮ್ಮ ಮನೆಗಳಲ್ಲಿ ಬೈಬಲಿಗೆ ಹಾಗೇ ಹೇಳುವುದು. ಬೇರೆ ನಂಬಿಕೆಯವರು ಓದಿದರೂ ಸಂತೋಷವೇ. ಬಸವಕಲ್ಯಾಣ ಇರುವ ಜಿಲ್ಲೆಯವರಿಗೆ, ಕೈಕೆಲಸವೂ ದೇವರ ಕೆಲಸ ಆಗಬಲ್ಲದು ಅಂತ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಮೊದಲು ಎರಡು ಮಾತು ತಿಳಿದುಕೊಳ್ಳೋಣ

'ದೇವರ ಚಿತ್ತ' ಅಂದರೆ ದೇವರ ಇಷ್ಟ, ಅವರ ಮನಸ್ಸಿನಲ್ಲಿ ಇರುವುದು. ಇದರಲ್ಲಿ ದೊಡ್ಡ ಪಾಲು ಎಲ್ಲರಿಗೂ ಒಂದೇ. ಮೀಕನ ಪುಸ್ತಕದ 6ನೇ ಅಧ್ಯಾಯದ 8ನೇ ವಚನ ತೆಗೆದು ನೋಡಿ: ನ್ಯಾಯವಾಗಿ ನಡೆಯುವುದು, ಕರುಣೆಯನ್ನು ಪ್ರೀತಿಸುವುದು, ದೇವರ ಮುಂದೆ ತಗ್ಗಿ ನಡೆಯುವುದು. ಹದಿನೆಂಟರವರಿಗೂ ಎಂಬತ್ತರವರಿಗೂ ಇದೇ. ಇದಕ್ಕೆ ಯಾರೂ ಕನಸು ಕಾಣಬೇಕಿಲ್ಲ.

'ಕರೆ' ಅಂದರೆ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಒಪ್ಪಿಸಿದ ಕೆಲಸ. ನಮ್ಮ ಕಡೆ ಒಂದು ತಪ್ಪು ತಿಳುವಳಿಕೆ ಬಹಳ ಗಟ್ಟಿಯಾಗಿ ಕೂತಿದೆ. 'ಅವರಿಗೆ ಕರೆ ಬಂತು' ಅಂದರೆ ಪಾಸ್ಟರ್ ಆದರು ಅಂತಲೇ ಅರ್ಥ ಮಾಡುತ್ತೇವೆ. ವಿಮೋಚನಕಾಂಡ 31ನೇ ಅಧ್ಯಾಯ ಓದಿ. ಅಲ್ಲಿ ದೇವರು ಬೆಚಲೇಲನನ್ನು ಹೆಸರು ಹಿಡಿದು ಕರೆದು, ತಮ್ಮ ಆತ್ಮದಿಂದ ತುಂಬಿಸಿದ್ದೇನೆ ಅನ್ನುತ್ತಾರೆ. ಅವನು ಯಾಜಕನಲ್ಲ. ಚಿನ್ನ, ಬೆಳ್ಳಿ, ತಾಮ್ರದ ಕೆಲಸದವನು, ಕಲ್ಲು ಮತ್ತು ಮರ ಕೆತ್ತುವವನು. ಬೀದರಿನ ಓಣಿಯಲ್ಲಿ ಕೂತು ಕೂದಲಿನಷ್ಟು ಸಣ್ಣ ಬೆಳ್ಳಿ ತಂತಿಯನ್ನು ಗೀರಿನೊಳಗೆ ಕೂಡಿಸುವ ಬಿದ್ರಿ ಕೆಲಸದವರನ್ನು ನೋಡಿದವರಿಗೆ ಈ ಅಧ್ಯಾಯ ಬೇಗ ಅರ್ಥವಾಗುತ್ತದೆ.

ವಯಸ್ಸಿನ ಚಿಂತೆ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಸತ್ಯವೇದದಲ್ಲಿ ಇದಕ್ಕೆ ಜಾಗವೇ ಇಲ್ಲ. ಸಮುವೇಲನನ್ನು ಕರೆದಾಗ ಅವನಿನ್ನೂ ಹುಡುಗ. 'ನಾನು ಚಿಕ್ಕವನು' ಅಂದ ಯೆರೆಮೀಯನಿಗೆ ಹಾಗೆ ಹೇಳಬೇಡ ಎಂಬ ಉತ್ತರ ಬಂತು. ಅಬ್ರಾಮ ಖಾರಾನ್ ಬಿಟ್ಟಾಗ 75 ವರ್ಷ. ಮೋಶೆ ಫರೋಹನ ಮುಂದೆ ನಿಂತಾಗ 80. ಕಾಲೇಬ 85ನೇ ವಯಸ್ಸಿನಲ್ಲಿ ಸುಲಭದ ಬಯಲು ಕೇಳಲಿಲ್ಲ, ಬೆಟ್ಟದ ಸೀಮೆ ಕೇಳಿದ. ದೇವಾಲಯದಲ್ಲಿ ಮಗು ಯೇಸುವನ್ನು ಗುರುತಿಸಿ ಎಲ್ಲರಿಗೂ ಹೇಳಿದ ಅನ್ನಳು 84ರ ವಿಧವೆ.

ನಮ್ಮ ಬೀದರಿನ ಮೆಥಡಿಸ್ಟ್ ಮನೆಗಳಿಗೆ ಹತ್ತಿರದ ಹೆಸರು ಜಾನ್ ವೆಸ್ಲಿ, ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಗಡ ಶುರು ಮಾಡಿದವರು. ಪಾದ್ರಿ ಪಟ್ಟ ಪಡೆದು, ಅಮೆರಿಕದ ಜಾರ್ಜಿಯಾಕ್ಕೆ ಸೇವೆಗೆ ಹೋಗಿ, ಸೋತು ಮನೆಗೆ ಬಂದವರು ಅವರು. 1738ರ ಮೇ 24ರ ರಾತ್ರಿ ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ ಅವರ ಹೃದಯ ಬೆಚ್ಚಗಾಯಿತು. ಆಗ ಅವರಿಗೆ 34 ವರ್ಷ. ಅಷ್ಟು ವರ್ಷ ಧರ್ಮದ ಕೆಲಸದೊಳಗೇ ಇದ್ದರೂ ಮನಸ್ಸಿಗೆ ನೆಮ್ಮದಿ ಸಿಕ್ಕಿರಲಿಲ್ಲ. ನಿಮಗೂ ಹಾಗೆ ಅನಿಸಿದ್ದರೆ ನೀವು ಒಬ್ಬರೇ ಅಲ್ಲ.

ಏನೇನು ಬೇಕು

ಒಂದು ಸತ್ಯವೇದ. ಒಂದು ನೂರು ಪುಟದ ನೋಟ್‌ಬುಕ್ಕು. ದಿನಕ್ಕೆ ಅರ್ಧ ಗಂಟೆ. ಒಟ್ಟು ಆರು ವಾರ. ಆರನೇ ವಾರ ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರು ಬೇಕಾಗುತ್ತಾರೆ, ಅವರ ಹೆಸರು ಈಗಲೇ ಯೋಚಿಸಿ ಇಟ್ಟುಕೊಳ್ಳಿ. ಅರ್ಧ ಗಂಟೆಯ ಹೊತ್ತು ದಿನಾ ಒಂದೇ ಇರಲಿ. ಬೇಸಿಗೆಯಲ್ಲಿ ನಮ್ಮ ಊರಿನ ಸೆಕೆಗೆ ಬೆಳಗಿನ ಐದೂವರೆ ಒಳ್ಳೆಯದು. ಮೊಬೈಲು ಬೇರೆ ಕೋಣೆಯಲ್ಲಿರಲಿ. ಓದು ಬರದಿದ್ದರೆ ಮೊಮ್ಮಕ್ಕಳಿಂದ ಓದಿಸಿ, ಅವರ ಕೈಲೇ ಬರೆಸಿ. ಹಾಗೆ ಮಾಡಿದ ಮನೆಗಳಲ್ಲಿ ಮೊಮ್ಮಗಳಿಗೂ ಲಾಭವಾಗಿದ್ದನ್ನು ಕಂಡಿದ್ದೇನೆ.

ಆರು ವಾರ ಮುಗಿಯುವವರೆಗೆ ಕೆಲಸ ಬಿಡಬೇಡಿ, ಕಾಲೇಜು ಬಿಡಬೇಡಿ, ಹೊಲ ಮಾರಬೇಡಿ, ಮದುವೆ ಒಪ್ಪಿಕೊಳ್ಳುವುದನ್ನೋ ಮುರಿಯುವುದನ್ನೋ ಈ ಹುಡುಕಾಟಕ್ಕೆ ಗಂಟು ಹಾಕಬೇಡಿ. ಹುರುಪಿನ ಮೊದಲ ವಾರ ಇಂಥ ತಪ್ಪು ಜಾಸ್ತಿ ಆಗುತ್ತದೆ.

1. ಗೊತ್ತಿರುವುದನ್ನು ಮೊದಲು ಮಾಡಿ (ಮೊದಲ ವಾರ)

ಗೊತ್ತಿಲ್ಲದ್ದನ್ನು ತಿಳಿಸು ಅಂತ ಪ್ರಾರ್ಥಿಸುವ ಮುಂಚೆ, ಗೊತ್ತಿದ್ದೂ ಮಾಡದೆ ಬಿಟ್ಟದ್ದು ಏನಿದೆ ನೋಡಿ. ಎರಡು ವರ್ಷದಿಂದ ಮಾತು ಬಿಟ್ಟ ಅಣ್ಣ ಇರಬಹುದು. ಕೊಡಬೇಕಾದ ಕೈಸಾಲ ಇರಬಹುದು. ಕಾಣಿಕೆ ತಂದವನು ಅದನ್ನು ಅಲ್ಲೇ ಬಿಟ್ಟು, ಹೋಗಿ ಸಹೋದರನ ಜೊತೆ ರಾಜಿಯಾಗಿ ಬರಲಿ ಅಂತ ಯೇಸು ಹೇಳಿದ್ದು ಮತ್ತಾಯ 5ರಲ್ಲಿದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಂಥವು ಮೂರು ಬರೆಯಿರಿ. ಒಂದನ್ನಾದರೂ ಈ ವಾರವೇ ಮಾಡಿ. ಅಣ್ಣ ಫೋನ್ ಎತ್ತದೆ ಇರಬಹುದು. ನಿಮ್ಮ ಕಡೆಯದು ನೀವು ಮಾಡಿದಿರಿ, ಸಾಕು.

ಈ ಹಂತ ಹಾರಿಸಿದವರು ಮುಂದೆ ಸಿಕ್ಕಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮನಸ್ಸಿನಲ್ಲಿ ಒಂದು ಮುಳ್ಳು ಇದ್ದಾಗ ಪ್ರಾರ್ಥನೆಗೆ ಕೂತರೆ ಮುಳ್ಳೇ ನೆನಪಾಗುತ್ತದೆ.

2. ಪೂರ್ತಿ ಓದಿ, ಚೂರು ಓದಬೇಡಿ (ಎರಡನೇ ವಾರ)

ದಿನಕ್ಕೊಂದು ಓದು, ಏಳು ದಿನಕ್ಕೆ ಏಳು: ಆದಿಕಾಂಡ 12, ವಿಮೋಚನಕಾಂಡ 3 ಮತ್ತು 4, 1 ಸಮುವೇಲನು 3, ನೆಹೆಮೀಯ 1 ಮತ್ತು 2, ಯೆರೆಮೀಯ 29, ಅಪೊಸ್ತಲರ ಕೃತ್ಯಗಳು 9, ಅಪೊಸ್ತಲರ ಕೃತ್ಯಗಳು 16. ಓದಿದ ಮೇಲೆ ಎರಡೇ ಪ್ರಶ್ನೆ ಬರೆಯಿರಿ. ಕರೆ ಬರುವ ಹೊತ್ತಿಗೆ ಈ ಮನುಷ್ಯ ಏನು ಮಾಡುತ್ತಿದ್ದ? ಮೊದಲ ಹೆಜ್ಜೆಗೆ ಬೇಕಾದಷ್ಟನ್ನು ಬಿಟ್ಟು ಅವನಿಗೆ ಇನ್ನೆಷ್ಟು ಗೊತ್ತಿತ್ತು? ಎರಡನೆಯದಕ್ಕೆ ಉತ್ತರ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಬರುತ್ತದೆ: ಬಹಳ ಕಡಿಮೆ. ಅಬ್ರಾಮನಿಗೆ 'ನಾನು ತೋರಿಸುವ ದೇಶಕ್ಕೆ ಹೋಗು' ಅಂದದ್ದಷ್ಟೇ. ದೇಶದ ಹೆಸರೂ ಹೇಳಲಿಲ್ಲ.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ತಟ್ಟೆಯಿಂದ ವಾಗ್ದಾನದ ಕಾರ್ಡು ಎತ್ತುತ್ತೇವಲ್ಲ, ಆ ವರ್ಷಕ್ಕೆ ದೇವರ ಮಾತು ಅಂತ. ಆ ಕಾರ್ಡನ್ನು ನಾನೂ ಸತ್ಯವೇದದೊಳಗೆ ಇಟ್ಟುಕೊಳ್ಳುತ್ತೇನೆ, ಧೈರ್ಯ ಕೊಡುತ್ತದೆ. ಆದರೆ ಅದರ ಮೇಲೆ ಜೀವನದ ತೀರ್ಮಾನ ಕಟ್ಟಬಾರದು. ಜಾಸ್ತಿ ಜನರ ಕೈಗೆ ಬರುವುದು ಯೆರೆಮೀಯ 29ರ 11ನೇ ವಚನ, ನಿಮ್ಮ ಬಗ್ಗೆ ನನಗಿರುವ ಆಲೋಚನೆ ಹಾನಿಯದಲ್ಲ, ಹಿತದ್ದು ಎಂಬ ಅರ್ಥದ್ದು. ಅದರ ಹಿಂದಿನ ವಚನ ಓದಿದ್ದೀರಾ? 70 ವರ್ಷ ಕಾಯಬೇಕು ಅಂತಿದೆ. ಅದು ಬಾಬೆಲಿಗೆ ಸೆರೆಯಾಗಿ ಹೋದ ಇಡೀ ಜನಕ್ಕೆ ಬರೆದ ಕಾಗದ. ಇನ್ನೂ ಮೇಲೆ ಹೋದರೆ, ಅಲ್ಲಿಯವರೆಗೆ ಏನು ಮಾಡಬೇಕು ಅಂತಲೂ ಇದೆ: ಮನೆ ಕಟ್ಟಿ, ತೋಟ ಮಾಡಿ, ನೀವಿರುವ ಊರಿನ ಒಳ್ಳೆಯದಕ್ಕೆ ದುಡಿದು ಅದಕ್ಕಾಗಿ ಪ್ರಾರ್ಥಿಸಿ. ಪುಣೆಯ ಬಾಡಿಗೆ ಕೋಣೆಯಲ್ಲಿ, 'ಊರಿಗೆ ವಾಪಸ್ ಹೋದ ಮೇಲೆ ನನ್ನ ನಿಜವಾದ ಬದುಕು' ಅಂತ ಕಾಯುತ್ತಿರುವ ಮಕ್ಕಳಿಗೆ ನಾನು ಈ 7ನೇ ವಚನವನ್ನೇ ಓದಿ ಎನ್ನುತ್ತೇನೆ.

3. ಕೈಯಲ್ಲಿ ಏನಿದೆ ಬರೆಯಿರಿ (ಮೂರನೇ ವಾರ)

ಸುಡುವ ಪೊದೆಯ ಮುಂದೆ ಮೋಶೆ ನೆಪದ ಮೇಲೆ ನೆಪ ಹೇಳುತ್ತಾನೆ. ಆಗ ದೇವರು ಕೇಳುವ ಪ್ರಶ್ನೆ ಬಹಳ ಸರಳ: ನಿನ್ನ ಕೈಯಲ್ಲಿರುವುದು ಏನು? ಅದು ಒಂದು ಕೋಲು. ಕುರಿ ಕಾಯುವವನ ಕೋಲು. ನಲವತ್ತು ವರ್ಷ ಮಿದ್ಯಾನಿನಲ್ಲಿ ಇದ್ದ ಮನುಷ್ಯನ ಕೈಯಲ್ಲಿ ಇನ್ನೇನು ಇರುತ್ತದೆ? ಕೆಲಸ ಶುರುವಾದದ್ದು ಅದರಿಂದಲೇ.

ಈ ವಾರ ದಿನಾ ಅರ್ಧ ಪುಟ ಬರೆಯಿರಿ. ಬಂದ ಕೆಲಸ, ಕಲಿತ ವಿದ್ಯೆ, ಆಡುವ ಭಾಷೆಗಳು, ಪರಿಚಯದ ಜನ, ಇರುವ ಹೊತ್ತು, ದಾಟಿ ಬಂದ ಕಷ್ಟ. 'ನನಗೇನೂ ಬರಲ್ಲ' ಅಂದವರೊಬ್ಬರಿಗೆ ಹೀಗೆ ಬರೆಸಿದ್ದೆ. ಅರವತ್ತು ದಾಟಿದ ಅಕ್ಕ ಅವರು. ಪುಟದಲ್ಲಿ ಇದ್ದದ್ದು ಇಷ್ಟು:

ಜೋಳದ ರೊಟ್ಟಿ, ಒಂದು ಹೊತ್ತಿಗೆ ನಲವತ್ತು ಬಡಿಯುತ್ತೇನೆ.
ಕನ್ನಡ, ಉರ್ದು, ತೆಲುಗು ಮೂರೂ ಮಾತಾಡುತ್ತೇನೆ.
ಗಂಡನ ಕಾಯಿಲೆಗೆ ಎರಡು ವರ್ಷ ಆಸ್ಪತ್ರೆ ತಿರುಗಿದ್ದೇನೆ. ಯಾವ ಚೀಟಿ ಎಲ್ಲಿ ಮಾಡಿಸಬೇಕು ಗೊತ್ತು.
ಮಧ್ಯಾಹ್ನ ಎರಡರಿಂದ ಐದು ಸುಮ್ನೆ ಕೂತಿರುತ್ತೇನೆ.

ಕೊನೆಯ ಎರಡು ಸಾಲು ಓದಿ ನಾನು ಪೆನ್ನು ಕೆಳಗಿಟ್ಟೆ. ಔರಾದಿನಿಂದಲೋ ಭಾಲ್ಕಿಯಿಂದಲೋ ರೋಗಿಯನ್ನು ಕರೆದುಕೊಂಡು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಬಂದು, ಯಾವ ಕಿಟಕಿಗೆ ಹೋಗಬೇಕು ಅಂತ ತಿಳಿಯದೆ ನಿಂತವರನ್ನು ನೀವೂ ನೋಡಿರುತ್ತೀರಿ. ವಾರಕ್ಕೆ ಎರಡು ಮಧ್ಯಾಹ್ನ ಆ ಅಕ್ಕ ಈಗ ಅಲ್ಲಿರುತ್ತಾರೆ. ಚೀಟಿ ಮಾಡಿಸಿಕೊಡುತ್ತಾರೆ, ಕೈ ಹಿಡಿದು ಎಕ್ಸ್‌ರೇ ಕೋಣೆಯವರೆಗೆ ಕರೆದೊಯ್ಯುತ್ತಾರೆ. ಅವರನ್ನು ಯಾರೂ ವೇದಿಕೆಗೆ ಕರೆದಿಲ್ಲ.

ಅಪೊಸ್ತಲರ ಕೃತ್ಯಗಳು 9ರಲ್ಲಿ ದೊರ್ಕಳ ಕಥೆ ಇಂಥದ್ದೇ. ಯೊಪ್ಪದ ಈ ಹೆಂಗಸು ತೀರಿಕೊಂಡಾಗ ವಿಧವೆಯರು ಪೇತ್ರನ ಸುತ್ತ ಅಳುತ್ತಾ ನಿಂತು, ಆಕೆ ಹೊಲಿದುಕೊಟ್ಟ ಅಂಗಿಗಳನ್ನು ತೋರಿಸುತ್ತಾರೆ. ಆಕೆ ಆಡಿದ ಒಂದು ಮಾತೂ ಅಲ್ಲಿ ಬರೆದಿಲ್ಲ. ಅಂಗಿಗಳೇ ಸಾಕ್ಷಿ ಹೇಳಿದವು.

ಎಚ್ಚರ: ಪಟ್ಟಿಯಲ್ಲಿ ಹಾಡುವುದು, ಪ್ರಸಂಗ ಮಾಡುವುದು, ಕೀಬೋರ್ಡ್ ನುಡಿಸುವುದು ಇಲ್ಲ ಅಂತ ಬೇಸರ ಮಾಡಬೇಡಿ. ಇವು ಚರ್ಚಿನಲ್ಲಿ ಕಣ್ಣಿಗೆ ಕಾಣುವ ಕೆಲಸಗಳು, ಅಷ್ಟೇ. ಕಷ್ಟಗಳನ್ನು ಬಿಡದೆ ಬರೆಯಿರಿ. ಸಾಲದಿಂದ ಹೊರಬಂದವರು, ಕುಡಿತ ಬಿಟ್ಟವರು, ಮಗುವನ್ನು ಕಳೆದುಕೊಂಡವರು, ಇವರ ಬಳಿ ಇರುವುದು ಬೇರೆಯವರ ಬಳಿ ಇರುವುದಿಲ್ಲ.

4. ಯಾವುದು ನಿಮ್ಮನ್ನು ಮಲಗಲು ಬಿಡುವುದಿಲ್ಲ? (ನಾಲ್ಕನೇ ವಾರ)

ನಮ್ಮ ಪ್ರಾರ್ಥನೆಗಳಲ್ಲಿ 'ಭಾರ' ಎಂಬ ಮಾತು ಕೇಳಿರುತ್ತೀರಿ. 'ದೇವರು ನನಗೆ ಈ ಭಾರ ಕೊಟ್ಟರು' ಅನ್ನುತ್ತಾರೆ. ಬೇರೆಯವರ ಒಂದು ಕಷ್ಟ ನಿಮ್ಮ ಎದೆಯ ಮೇಲೆ ಕೂತು ಏಳದೆ ಇರುವುದೇ ಭಾರ. ನೆಹೆಮೀಯ ಪರ್ಷಿಯದ ಅರಮನೆಯಲ್ಲಿ ರಾಜನ ಪಾನಸೇವಕ, ಅಂದರೆ ರಾಜನಿಗೆ ದ್ರಾಕ್ಷಾರಸ ಕೊಡುವವನು. ಒಳ್ಳೆಯ ನೌಕರಿ. ಯೆರೂಸಲೇಮಿನ ಗೋಡೆ ಬಿದ್ದಿದೆ ಅಂತ ಕೇಳಿ ಕೂತು ಅತ್ತ. ಆದರೆ ಮರುದಿನವೇ ಹೊರಡಲಿಲ್ಲ. ಕಿಸ್ಲೇವ್ ತಿಂಗಳಿಂದ ನೀಸಾನ್ ತಿಂಗಳವರೆಗೆ, ಸುಮಾರು ನಾಲ್ಕು ತಿಂಗಳು, ಉಪವಾಸ ಮಾಡಿ ಪ್ರಾರ್ಥಿಸಿದ. ಆಮೇಲೆ ರಾಜನನ್ನು ಕೇಳಿದ.

ಈ ವಾರ ನಿಮ್ಮ ಓಣಿಯಲ್ಲಿ ನಡೆಯಿರಿ. ಸುಮ್ನೆ ನಡೆಯಿರಿ, ನೋಡಿ. ರಾತ್ರಿ ಬಂದು, ಯಾವುದು ಕಣ್ಣಿಂದ ಹೋಗಲಿಲ್ಲವೋ ಅದನ್ನು ಬರೆಯಿರಿ. ಶಾಲೆ ಬಿಟ್ಟು ಗ್ಯಾರೇಜಿಗೆ ಹೋಗುವ ಹುಡುಗ, ಒಬ್ಬರೇ ಇರುವ ಮುದುಕರು, ಕುಡಿದು ಬಿದ್ದ ಪಕ್ಕದ ಮನೆಯವನು. ಮೂರನೇ ವಾರದ ಪಟ್ಟಿಯನ್ನೂ ಇದನ್ನೂ ಪಕ್ಕಪಕ್ಕ ಇಡಿ. ಎಲ್ಲಿ ಎರಡೂ ಒಂದಕ್ಕೊಂದು ಮುಟ್ಟುತ್ತವೋ ಅಲ್ಲಿ ಗೆರೆ ಎಳೆಯಿರಿ.

5. ಮೊರದಲ್ಲಿ ಕೇರಿ ಹಸನು ಮಾಡಿ (ಐದನೇ ವಾರ)

ಈಗ ನಾಲ್ಕೈದು ಗೆರೆ ಬಂದಿರುತ್ತವೆ. ಎಲ್ಲವೂ ದೇವರ ಕಡೆಯಿಂದ ಬಂದದ್ದಲ್ಲ. ನಮ್ಮ ಅವ್ವ ಜಗುಲಿಯಲ್ಲಿ ಕೂತು ತೊಗರಿ ಕೇರುವುದನ್ನು ನೋಡುತ್ತಾ ಬೆಳೆದವನು ನಾನು. ಮೊರವನ್ನು ಎರಡು ಸಲ ಮೇಲಕ್ಕೆ ಚಿಮ್ಮಿಸಿದರೆ ಹೊಟ್ಟು ತಾನೇ ಮುಂದಿನ ಅಂಚಿನಿಂದ ಹಾರಿ ಹೋಗುತ್ತಿತ್ತು. ಆಮೇಲೆ ಮೊರ ಓರೆ ಮಾಡಿ ಮೆಲ್ಲಗೆ ಅಲುಗಾಡಿಸುತ್ತಿದ್ದಳು. ಕಲ್ಲು ಗಾಳಿಗೆ ಹೋಗುವುದಿಲ್ಲ. ಕೆಲವು ಕಲ್ಲಿಗೆ ಕಾಳಿನಷ್ಟೇ ಗಾತ್ರ, ಕಾಳಿನದೇ ಬಣ್ಣ. ಕಣ್ಣಿಗೆ ಸಿಗದಿದ್ದುದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ತೆಗೆಯುತ್ತಿದ್ದಳು.

ಇಲ್ಲಿ ಹೊಟ್ಟು ಅಂದರೆ ಹುರುಪು. ಒಂದು ಕೂಟದ ಹಾಡು ಕೇಳಿ ಬಂದದ್ದು, ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕಲ್ಲು ಅಂದರೆ ದೇವರ ಹೆಸರಿನಲ್ಲಿ ಇರುವ ನಮ್ಮ ಆಸೆ: ಹೆಸರು ಬರಲಿ, ಅವರಿಗೆ ತೋರಿಸಬೇಕು, ಈ ಮನೆಯಿಂದ ತಪ್ಪಿಸಿಕೊಳ್ಳಬೇಕು. ಇದನ್ನು ಮುಟ್ಟಿ ನೋಡಲು ನಾನು ಬಳಸುವ ಪ್ರಶ್ನೆಗಳು ಇವು. ಯಾರಿಗೂ ಗೊತ್ತಾಗದಿದ್ದರೂ ಇದನ್ನು ಮಾಡುತ್ತೇನೆಯೇ? ಇದಕ್ಕೆ ಬೆಲೆ ತೆರುವವರು ಯಾರು, ನಾನೋ ಅಥವಾ ಹೆಂಡತಿ ಮಕ್ಕಳೋ? ಸತ್ಯವೇದ ಬೇಡ ಅಂದದ್ದನ್ನು ಇದಕ್ಕಾಗಿ ಮಾಡಬೇಕಾಗುತ್ತದೆಯೇ? ಕೊನೆಯದಕ್ಕೆ ಹೌದು ಅಂತ ಬಂದರೆ ಆ ಗೆರೆಯನ್ನು ಅಳಿಸಿಬಿಡಿ, ಮುಂದೆ ಯೋಚಿಸುವುದೇ ಬೇಡ.

'ಗುರುತು ಕೇಳುವುದು' ಅಂತ ಇನ್ನೊಂದು ರೂಢಿ ಇದೆ. ಇವತ್ತು ಇಂಥವರ ಫೋನ್ ಬಂದರೆ ದೇವರು ಹೌದು ಅಂದ ಹಾಗೆ, ಅಂತ. ಕೇಳಿದರೆ, ರಾತ್ರಿ ಕಣದಲ್ಲಿ ಉಣ್ಣೆ ಇಟ್ಟು, ಅದೊಂದೇ ಮಂಜಿಗೆ ನೆನೆದರೆ ನಂಬುತ್ತೇನೆ ಅಂದ ಗಿದ್ಯೋನನ ಕಥೆ ತೋರಿಸುತ್ತಾರೆ. ನ್ಯಾಯಸ್ಥಾಪಕರು 6ನೇ ಅಧ್ಯಾಯವನ್ನು ಮೊದಲಿನಿಂದ ಓದಿ. ಏನು ಮಾಡಬೇಕು ಅಂತ ಗಿದ್ಯೋನನಿಗೆ ದೇವರು ಮುಂಚೆಯೇ ಹೇಳಿಯಾಗಿತ್ತು. ಉಣ್ಣೆ ಇಟ್ಟದ್ದು ಅವನ ಭಯಕ್ಕೆ. ದೇವರು ಅವನ ಭಯವನ್ನು ಸಹಿಸಿದರು, ನಿಜ. ಎಲ್ಲರೂ ಹೀಗೇ ಕೇಳಿ ಅಂತ ಎಲ್ಲೂ ಹೇಳಲಿಲ್ಲ.

6. ಇಬ್ಬರಿಗೆ ಹೇಳಿ (ಆರನೇ ವಾರ)

ಹುಡುಗ ಸಮುವೇಲ ರಾತ್ರಿ ಮೂರು ಸಲ ದನಿ ಕೇಳಿ, ಮೂರು ಸಲವೂ ಯಾಜಕ ಏಲಿಯ ಹತ್ತಿರ ಓಡಿದ. ಕರೆಯುತ್ತಿರುವುದು ಯಾರು ಅಂತ ಗುರುತಿಸಿ ಹೇಳಿದ್ದು ಕಣ್ಣು ಮಬ್ಬಾದ ಆ ಮುದುಕನೇ. ನಮಗೆ ಬಂದ ಕರೆಯನ್ನು ಎಷ್ಟೋ ಸಲ ಪಕ್ಕದವರು ಮೊದಲು ಗುರುತಿಸುತ್ತಾರೆ.

ಒಬ್ಬರು ನಿಮ್ಮ ಮನೆಯವರೇ ಇರಲಿ. ಇನ್ನೊಬ್ಬರು ಸಭೆಯ ಹಿರಿಯರು, ನೀವು ಹೇಳಿದ್ದಕ್ಕೆಲ್ಲ ಆಮೆನ್ ಅನ್ನದವರು. ನೋಟ್‌ಬುಕ್ಕು ಅವರ ಕೈಗೆ ಕೊಡಿ. 'ನನ್ನಲ್ಲಿ ಇದು ಕಾಣುತ್ತದೆಯೇ?' ಅಂತ ಕೇಳಿ. ಅವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡಿ. ವೆಸ್ಲಿಯವರು ತಮ್ಮ ಜನರನ್ನು ಸುಮಾರು ಹನ್ನೆರಡು ಮಂದಿಯ ಸಣ್ಣ ಗುಂಪುಗಳಾಗಿ ಮಾಡಿ, ವಾರಕ್ಕೊಮ್ಮೆ ಕೂತು 'ನಿನ್ನ ಆತ್ಮ ಹೇಗಿದೆ' ಅಂತ ಒಬ್ಬರನ್ನೊಬ್ಬರು ಕೇಳುವ ರೂಢಿ ತಂದಿದ್ದರು. ನಿಮ್ಮ ಓಣಿಯ ಮನೆ ಪ್ರಾರ್ಥನೆಯ ಗುಂಪು ಹಾಗೆ ಮಾತಾಡುವಂಥದ್ದಾದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಇಲ್ಲಿ ಕೈಮುಗಿದು ಒಂದು ಮಾತು ಹೇಳುತ್ತೇನೆ. 'ನಿನ್ನ ಬಗ್ಗೆ ದೇವರು ನನಗೆ ತೋರಿಸಿದ್ದಾರೆ' ಅಂತ ಗುರುತಿಲ್ಲದವರು ಬಂದು, ಅದರ ಬೆನ್ನಿಗೇ ಕಾಣಿಕೆ ಕೇಳಿದರೆ ಎದ್ದು ಬನ್ನಿ. ಫೋನಿನಲ್ಲಿ ಕ್ಯೂಆರ್ ಕೋಡ್ ತೋರಿಸಿ ಪ್ರವಾದನೆ ಹೇಳುವವರಿಗೂ ಇದೇ ಉತ್ತರ. ಇಂಥ ಊರೂರು ತಿರುಗುವವರೊಬ್ಬರ ಮಾತಿಗೆ ನಮ್ಮ ಬಳಗದ ಒಂದು ಮನೆ ಮಗಳ ಮದುವೆಗೆ ಇಟ್ಟ ಹಣ ಕಳೆದುಕೊಂಡಿತು. ಆ ಸಂಕಟ ನನಗೆ ಇನ್ನೂ ಆರಿಲ್ಲ. ಮನೆಯವರಿಗೆ ಹೇಳಬೇಡ, ಪಾಸ್ಟರಿಗೆ ಹೇಳಬೇಡ ಅಂದರೆ, ಆ ಒಂದು ಮಾತಿನಿಂದಲೇ ತಿಳಿದುಕೊಳ್ಳಿ.

7. ಸಣ್ಣದಾಗಿ ಶುರು ಮಾಡಿ

ನೆಹೆಮೀಯ ಯೆರೂಸಲೇಮಿಗೆ ಹೋದವನೇ ಸಭೆ ಕರೆಯಲಿಲ್ಲ. ಕೆಲವೇ ಜನರ ಜೊತೆ ರಾತ್ರಿ ಹೋಗಿ, ಯಾರಿಗೂ ಹೇಳದೆ, ಬಿದ್ದ ಗೋಡೆಯನ್ನು ನೋಡಿ ಬಂದ. ಆಮೇಲೆ ಶುರುವಾದ ಗೋಡೆ 52 ದಿನದಲ್ಲಿ ಮುಗಿಯಿತು. ನೀವೂ ಮೊದಲು ನೋಡಿ ಬನ್ನಿ. ಮಕ್ಕಳಿಗೆ ಪಾಠ ಹೇಳಬೇಕು ಅನಿಸಿದರೆ ಟ್ರಸ್ಟು, ಬೋರ್ಡು, ರಸೀದಿ ಪುಸ್ತಕ ಬೇಡ. ಇಬ್ಬರು ಮಕ್ಕಳು, ಒಂದು ಚಾಪೆ, ವಾರಕ್ಕೆ ಎರಡು ಸಂಜೆ. ಮೂರು ತಿಂಗಳು ಹಾಗೇ ನಡೆಸಿ. ನೌಕರಿಯಲ್ಲಿರುವವರು ನೌಕರಿ ಇಟ್ಟುಕೊಂಡೇ ಮಾಡಿ. ಪೌಲ ಕೊರಿಂಥದಲ್ಲಿ ಡೇರೆ ಹೊಲಿಯುತ್ತಲೇ ಸುವಾರ್ತೆ ಸಾರಿದ.

ಬಾಗಿಲು ಮುಚ್ಚಿದರೆ? ಅಪೊಸ್ತಲರ ಕೃತ್ಯಗಳು 16ರಲ್ಲಿ ಪೌಲನಿಗೆ ಆಸ್ಯ ಸೀಮೆಯಲ್ಲಿ ತಡೆ ಬಂತು, ಬಿಥೂನ್ಯದಲ್ಲೂ ತಡೆ ಬಂತು. ತ್ರೋವದವರೆಗೆ ನಡೆದ ಮೇಲೆ ಮಕೆದೋನ್ಯಕ್ಕೆ ಬಾ ಎಂಬ ದರ್ಶನವಾಯಿತು. ಎರಡು ಬಾಗಿಲು ಮುಚ್ಚಿದ್ದು ಅವನು ತಪ್ಪು ದಾರಿ ಹಿಡಿದ ಅಂತಲ್ಲ. ಅವನು ನಡೆಯುತ್ತಿದ್ದ, ಹಾಗಾಗಿ ತಿರುಗಿಸಲು ಆಯಿತು. ಪಿಯುಸಿ ಫೇಲಾದ ಹುಡುಗನಿಗೆ ನಾನು ಇದನ್ನೇ ಹೇಳಿದ್ದು. ಮತ್ತೆ ಪರೀಕ್ಷೆ ಕಟ್ಟು, ಸಂಜೆ ಕಾಕನ ಅಂಗಡಿಯಲ್ಲಿ ಮೋಟಾರ್ ವೈಂಡಿಂಗ್ ಕಲಿ, ನೋಟ್‌ಬುಕ್ಕು ಬಿಡಬೇಡ.

ಇನ್ನೊಂದು, ಮುಚ್ಚುಮರೆ ಇಲ್ಲದೆ

ಎಲ್ಲ ಖಾಲಿತನವೂ ಕರೆಯಲ್ಲ. ಎರಡು ವಾರ ಮೀರಿ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಅಥವಾ ಯಾವತ್ತಾದರೂ ಬದುಕೇ ಬೇಡ ಅನಿಸಿದರೆ ಈ ಹಂತಗಳನ್ನು ಪಕ್ಕಕ್ಕಿಟ್ಟು ವೈದ್ಯರ ಹತ್ತಿರ ಹೋಗಿ. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಗುಳಿಗೆ ತಗೊಂಡರೆ ವಿಶ್ವಾಸ ಕಮ್ಮಿ ಅಂತ ಯಾರಾದರೂ ಅಂದರೆ ಎಲೀಯನ ಕಥೆ ತೋರಿಸಿ. ಸಾಯುವುದೇ ಲೇಸು ಅಂತ ಮರದ ಕೆಳಗೆ ಬಿದ್ದ ಪ್ರವಾದಿಗೆ ದೇವರು ಮೊದಲು ಉಪದೇಶ ಕೊಡಲಿಲ್ಲ. ರೊಟ್ಟಿ, ನೀರು, ನಿದ್ದೆ ಕೊಟ್ಟರು. ಅದೂ ಎರಡು ಸಲ. ದೂರದ ಪ್ರಯಾಣ, ಕರೆ, ಎಲ್ಲ ಆಮೇಲೆ.

ಆರು ವಾರ ಕಳೆದರೂ ಏನೂ ಸ್ಪಷ್ಟವಾಗಲಿಲ್ಲ ಅಂತ ಕೆಲವರು ಬರುತ್ತಾರೆ. ಅಂಥವರ ನೋಟ್‌ಬುಕ್ಕಿನ ಮೊದಲ ಪುಟ ತೆಗೆಸುತ್ತೇನೆ. ಒಂದನೇ ವಾರ ಬರೆದ ಮೂರರಲ್ಲಿ ಎರಡು ಇನ್ನೂ ಹಾಗೇ ಇರುತ್ತವೆ. ಅವನ್ನು ಮಾಡಿ ಮುಗಿಸಿ, ಮೂರನೇ ವಾರದಿಂದ ಮತ್ತೆ ಹಿಡಿಯಿರಿ. ನಿಮ್ಮದು ಹೊಲದ ಕೆಲಸವಾದರೆ ತೊಗರಿ ರಾಶಿ ಮುಗಿದ ಮೇಲೆ ಕೂತರೂ ನಡೆಯುತ್ತದೆ.